ಬ್ಯಾಡಗಿ ಪುಡಿಯ ಪಲ್ಯ

ಬ್ಯಾಡಗಿ ಮೆಣಸಿನಪುಡಿಯ ಡಬ್ಬಿ ತೆರೆದಾಗಲೆಲ್ಲ ನನಗೆ ಈಗಲೂ ಹಸಿವಿಗಿಂತ ಮೊದಲು ಸಿಟ್ಟು ಬರುತ್ತದೆ.

ಅಂದು ಮಧ್ಯಾಹ್ನ ಅವ್ವ ತನ್ನ ತವರೂರು ಹೊಳಲಿನಿಂದ ತಂದ ಆ ಪುಡಿ ಹಾಕಿ ಬದನೆಕಾಯಿ ಪಲ್ಯ ಮಾಡಿದ್ದಳು. ಎಣ್ಣೆಯೆಲ್ಲ ಕುಂಕುಮದಂತೆ ಕೆಂಪಾಗಿತ್ತು. ಅಪ್ಪ ಬಣ್ಣ ನೋಡಿಯೇ ತಾಟು ನೂಕಿದ.

"ಇಷ್ಟು ಖಾರ ಯಾರು ತಿಂತಾರ?"

"ಬರೇ ಬಣ್ಣರೀ, ಖಾರ ಇಲ್ಲ. ಒಂದು ತುತ್ತು ಉಂಡು ನೋಡ್ರಿ," ಎಂದಳು ಅವ್ವ.

"ಗಂಡಗ ಎದುರು ಮಾತಾಡ್ತಿಯೇನ?" ಅಜ್ಜಿ ಗದರಿದಳು.

ಅಪ್ಪ ಉಣ್ಣದೆ ಎದ್ದು ಹೋದ. ಆರು ವರ್ಷದ ನಾನು ಅದೇ ಪಲ್ಯದಲ್ಲಿ ಎರಡನೇ ರೊಟ್ಟಿ ಮುಗಿಸುತ್ತಿದ್ದೆ. ಕಣ್ಣಲ್ಲಿ ಹನಿ ನೀರಿರಲಿಲ್ಲ. ಯಾರೂ ನನ್ನ ಕಡೆ ನೋಡಲಿಲ್ಲ.

ಆಮೇಲೆ ಅಜ್ಜಿ ಅಪ್ಪನ ತಾಟನ್ನು ತನ್ನತ್ತ ಎಳೆದುಕೊಂಡು ಪಲ್ಯವನ್ನೆಲ್ಲ ಬಳಿದು ಉಂಡಳು. ಬೆರಳು ನೆಕ್ಕುತ್ತಾ ಅವ್ವನಿಗೆ ಹೇಳಿದಳು: "ಖಾರ ಇನ್ನೊಂದೀಟು ಬೇಕಿತ್ತು ನೋಡು."