ಸೇತುವೆಯವರ ಕಲ್ಲುಗಳು

ಪ್ರತಿ ಶನಿವಾರ ಸೇತುವೆಯ ಕೆಲಸಗಾರರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ, ಒಂದು ನಿಮಿಷ ಮುಷ್ಟಿಯಲ್ಲಿ ಹಿಡಿದ ಬೆಣಚುಕಲ್ಲನ್ನು ಕೊಡಕ್ಕೆ ಹಾಕುತ್ತಿದ್ದರು. ಕೆಲಸದ ಬಗ್ಗೆ ಮನಸ್ಸಿನಲ್ಲಿ ಅಳುಕಿದ್ದರೆ ಕಲ್ಲು ಭಾರವಾಗುತ್ತಿತ್ತು. ಈ ಸಲ ಮೇಸ್ತ್ರಿ ನೀಲವ್ವ ತೂಗಿದಾಗ ಹನ್ನೊಂದು ಹಗುರವಾಗಿದ್ದವು. ಹನ್ನೆರಡನೆಯದು ಎರಡು ಕಿಲೋ ತೂಗಿತು.

“ನಾಳೆ ಉದ್ಘಾಟನೆ ಐತಿ. ಯಾರದದು? ಹೇಳು, ಇವತ್ತ ಮನೀಗೆ ಕಳಸ್ತೀನಿ,” ಎಂದರು ಎಂಜಿನಿಯರ್ ಪಂಚಾಕ್ಷರಿ.

“ಯಾರದಂತ ಗೊತ್ತಾಗಬಾರದು ಅಂತನ ಪರದೆ ಕಟ್ಟೀವಲ್ರೀ ಸಾಹೇಬ್ರ.”

“ಹಂಗಾರ ಅದನ್ನ ಹೊಳಿಗೆ ಒಗಿ. ಎಲ್ಲಾ ಹಗುರ ಅಂತ ಬರಿ.”

ನೀಲವ್ವ ಸೇತುವೆಯತ್ತ ನೋಡಿದಳು. ಮೇಸ್ತ್ರಿಗಳ ಕಲ್ಲು ಎಣಿಕೆಗೆ ಬರುತ್ತಿರಲಿಲ್ಲ. ಆದರೂ ಹೊಸ ಕಲ್ಲೊಂದನ್ನು ಮುಷ್ಟಿಯಲ್ಲಿ ಹಿಡಿದಳು. ನಿಮಿಷ ತುಂಬುವ ಮೊದಲೇ ಕಲ್ಲಿನ ಭಾರಕ್ಕೆ ಅವಳ ಕೈ ಮೇಜಿನ ಮೇಲೆ ಕುಸಿಯಿತು.

“ಇದು ನಂದ್ರೀ. ಹೆಸರು ಬರ್ಕೊಳ್ರಿ.”