ದ್ವೀಪದಲ್ಲಿ ವರಪರೀಕ್ಷೆ

ಸಿಂದಗಿಯ ನಿವೃತ್ತ ಹೆಡ್‌ಮಾಸ್ತರ ಗುರಲಿಂಗಪ್ಪನವರು ಮೀಸೆ ಬೋಳಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮೂವತ್ತೆಂಟು ವರ್ಷ ಆ ಮೀಸೆ ಮೂರು ಶಾಲೆಗಳನ್ನು ಹತೋಟಿಯಲ್ಲಿಟ್ಟಿತ್ತು. ಹಿಂದೆ ಒಮ್ಮೆ ಮಾತ್ರ ಇಳಿದಿತ್ತು, ಅವರ ಅಪ್ಪ ತೀರಿಕೊಂಡಾಗ. ಹೀಗಾಗಿ ಬಚ್ಚಲಿನಿಂದ ಬೋಳು ಮೋರೆಯಲ್ಲಿ ಹೊರಬಂದ ಗಂಡನನ್ನು ಕಂಡು ಇಂದ್ರಾಬಾಯಿ ತಂಬಿಗೆ ಕೈಬಿಟ್ಟರು.

"ಅಯ್ಯ ನನ್ನ ಶಿವನ, ಯಾರು ಹ್ವಾದ್ರು?"

"ಯಾರೂ ಹೋಗಿಲ್ಲ. ನಾ ಹೊಂಟೇನಿ. ಅಂಡಮಾನಕ್ಕ."

ಶಾಲೆಯಲ್ಲಿ ಕಲಿಸುತ್ತಿದ್ದ ಮಗಳು ಸುನೀತಾಳಿಗೆ ಬಂದ ಹನ್ನೊಂದು ವರಗಳನ್ನು ಮಾಸ್ತರರು ಫೇಲು ಮಾಡಿದ್ದರು. ಪದ್ಧತಿ ಹಳೆಯದೇ: ಗುರುತು ಹೇಳದೆ ವರನ ಊರಿಗೆ ಹೋಗುವುದು, ಚಹಾದಂಗಡಿಯಲ್ಲಿ ಕುಳಿತು ವಿಚಾರಿಸುವುದು. ಆದರೆ ಹನ್ನೆರಡನೆಯವನು, ತಾಳಿಕೋಟೆಯ ಸುನೀಲಕುಮಾರ, ದುಡಿಯುತ್ತಿದ್ದದ್ದು ಸಮುದ್ರದಾಚೆ. ದ್ವೀಪದ ಕಾಡುದಾರಿಯಲ್ಲಿ ಜೀಪು ಓಡಿಸಿ ಪ್ರವಾಸಿಗಳಿಗೆ ಊರು ತೋರಿಸುವ ಕೆಲಸ. ಹುಡುಗ ಹುಡುಗಿಯ ಫೋಟೋ ಅದಲುಬದಲಾಗಿದ್ದವು. ಸುನೀತಾ ತನಗೆ ಬಂದ ಫೋಟೋ ತಿರುಗಿ ಕೊಟ್ಟಿರಲಿಲ್ಲ.

"ಇದೊಂದು ತಪ್ಪಿತಂದ್ರ ಮುಂದ ಯಾರನ್ನೂ ತರಬ್ಯಾಡಪಾ," ಎಂದಿದ್ದಳು. "ನನ್ನ ಸಾಲಿ ನನಗ, ನಿನ್ನ ಮೀಸಿ ನಿನಗ."

ನೆಂಟಸ್ತನ ತಂದಿದ್ದ ದುಂಡೇಶ ದಿನವನ್ನೂ ತಾನೇ ಗೊತ್ತುಮಾಡಿದ. "ಗುರುವಾರ ಮುಂಜಾನೆ ಒಂಬತ್ತರ ಜೀಪು ಹತ್ರಿ ಮಾಸ್ತರ. ಬ್ಯಾರೆ ದಿನ ಬ್ಯಾಡ. ಕನ್ನಡದ ಮಂದಿನ್ನ ಅವನ ಗಾಡಿಗೇ ಹಾಕ್ತಾರ. ಮತ್ತ, ನಾ ಯಾರ ಗುಟ್ಟೂ ಯಾರಿಗೂ ಹೇಳಾಂವ ಅಲ್ರಿ."

ಗುರುವಾರ ಒಂಬತ್ತಕ್ಕೆ ಹೂವಿನ ಅಂಗಿ, ಕಪ್ಪು ಕನ್ನಡಕ ತೊಟ್ಟ ಮಾಸ್ತರರು 'ಧಾರವಾಡದ ಪಾಟೀಲ' ಎಂದು ಹೇಳಿಕೊಂಡು ಜೀಪು ಹತ್ತಿದರು. ಹಿಂದಿನ ಸೀಟಿನಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬರು ಆಗಲೇ ಕುಳಿತಿದ್ದರು.

"ನಾ ರೇವವ್ವ. ಸೊಲ್ಲಾಪುರದಾಕಿ," ಎಂದರು. ಮಾಸ್ತರರು ಹೆಸರು, ಊರು ಕೇಳಿಯೇ ಇರಲಿಲ್ಲ.

ಜೀಪು ಕೆಂಪು ಕೆಸರಿಗೆ ಇಳಿಯಿತು. ಒಂದು ಕಡೆ ತೆಂಗು, ಒಂದು ಕಡೆ ಸಮುದ್ರ, ನಡುವೆ ಮೊಣಕಾಲುದ್ದದ ಗುಂಡಿ. ಮಳೆಗಾಲದಲ್ಲಿ ಆಲಮೇಲದ ಕಬ್ಬಿನ ಗಾಡಿದಾರಿ ಪುಕ್ಕಟೆ ಕೊಡುವ ಸುಖಕ್ಕೆ ಇಲ್ಲಿ ಟಿಕೇಟು ಎಂದು ಮಾಸ್ತರರಿಗೆ ಅಚ್ಚರಿಯಾಯಿತು. ಆದರೆ ಅವರು ಬಂದದ್ದು ನೋಟಕ್ಕಲ್ಲ. ಕಿಸೆಯಲ್ಲಿ ಸಣ್ಣ ಟಿಪ್ಪಣಿ ಪುಸ್ತಕವಿತ್ತು. ಐದು ಪ್ರಶ್ನೆ, ಒಂದಕ್ಕೆ ಇಪ್ಪತ್ತು ಅಂಕ.

ಮೊದಲು ಸಿಟ್ಟು. ಏರಿನ ನಟ್ಟನಡುವೆ ಮೂರು ಸಲ ಗಾಡಿ ನಿಲ್ಲಿಸಿ, "ಎಮ್ಮಿ ಕಾಯೂದು ಬಿಟ್ಟು ಸ್ಟೇರಿಂಗ್ ಯಾಕ ಹಿಡಿದಿಯಲೇ ಮಗನ?" ಎಂದು ಕಿರುಚಿದರು.

"ಎಮ್ಮೀನೂ ಕಾದೇನ್ರಿ ಸರ. ಅವು ನಿಮ್ಮಷ್ಟು ಒದರತಿರಲಿಲ್ಲ," ಎಂದು ನಕ್ಕ ಹುಡುಗ.

ಇಪ್ಪತ್ತು. ಜೀಪು ವಾಲಿತು. ರೇವವ್ವ ಸೆರಗಿನ ತುದಿಗೆ ಒಂದು ಗಂಟು ಹಾಕಿದರು. ಅಕ್ಷರ ಬಾರದವರ ಹರಕೆ ಹೀಗೇ ಎಂದುಕೊಂಡರು ಮಾಸ್ತರರು. ಜೀವ ಉಳಿದರೆ ಮನೆದೇವರಿಗೆ ಎಡೆ ಎಂದು ಬೇಡಿಕೊಂಡಿರಬೇಕು.

ಮುಂದೆ ತೋಡು ದಾಟುವಾಗ ಮಾಸ್ತರರು ಚಪ್ಪಟೆ ಬಾಟಲಿ ತೆಗೆದು ಗಟಗಟ ಕುಡಿದರು. ಒಳಗಿದ್ದದ್ದು ಹಾಲಿಲ್ಲದ ಚಹಾ. "ತಗೋ ತಮ್ಮಾ, ಒಂದು ಗುಟುಕು ಹಾಕು."

"ಒಲ್ಲೇರಿ. ಗಾಡಿ ಹೊಡಿಯುವಾಗೂ ಒಲ್ಲೆ, ಇಳದ ಮ್ಯಾಲೂ ಒಲ್ಲೆ."

ಮತ್ತೆ ಇಪ್ಪತ್ತು; ಸೆರಗಿಗೆ ಮತ್ತೊಂದು ಗಂಟು. ಎದುರು ಜೀಪಿನ ಹುಡುಗಿಯರನ್ನು ತೋರಿಸಿ ಮಾಸ್ತರರು ಸಿಳ್ಳೆ ಹಾಕಿದರು. ಹುಡುಗ ದಾರಿಯ ಮೇಲಿನ ಕಣ್ಣು ಕೀಳಲಿಲ್ಲ. ಈ ಸಲದ ಗಂಟು ಹಲ್ಲಿನಿಂದ ಬಿಗಿದದ್ದು.

ಗುಡ್ಡದ ನೆತ್ತಿಯಲ್ಲಿ ಎಲ್ಲರೂ ಇಳಿದು ಸಮುದ್ರ ನೋಡಿದರು. ಮರಳಿ ಹತ್ತಲು ರೇವವ್ವ ತಡಮಾಡಿದರು. ಹಿರಿಯರ ಮೇಲಿನ ಗೌರವ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಮಯವುಂಟೆ?

"ಈ ಮುದುಕಿನ್ನ ಇಲ್ಲೇ ಬಿಡು. ಬರುವಾಗ ನೆನಪಾದ್ರ ಹತ್ತಿಸ್ಕೊಂಡ್ರಾತು."

ಹುಡುಗನ ಕಿವಿ ಕೆಂಪಾಯಿತು. "ಹಂಗ ಅನಬ್ಯಾಡ್ರಿ ಸರ." ಕೈಹಿಡಿದು ಹತ್ತಿಸಿದ. ತನ್ನ ಕಿಸೆಯಿಂದಲೇ ಗುಳಿಗೆ ತೆಗೆದು ನುಂಗಿಸಿದ. ಚಹಾದಂಗಡಿಯಲ್ಲಿ, ಯಾರೂ ಹೇಳದೆಯೇ, ಅವರಿಗೊಂದು ಸಕ್ಕರೆಯಿಲ್ಲದ ಚಹಾ ತರಿಸಿದ.

ಯಾರ ಮನೆಯ ಮುದುಕಿಗೋ ಇಷ್ಟು ಕಾಳಜಿ! ಮಾಸ್ತರರು ಇಪ್ಪತ್ತರ ಮೇಲೆ ಐದು ಹೆಚ್ಚಿಗೆ ಬರೆದರು. ರೇವವ್ವನ ಕೈ ಸೆರಗಿನಲ್ಲೇ ಇತ್ತು.

ಉಳಿದದ್ದು ಕೊನೆಯದು.

"ಮದುವಿ ಆಗೈತೇನೋ?"

"ಮಾತುಕತಿ ನಡದೈತ್ರಿ."

"ಹೇಣ್ತಿನ್ನ ಹಿಡಿತದಾಗ ಇಡಬೇಕು. ನಾ ವಾರಕ್ಕೆರಡು ಸಲ ಬಾರಿಸ್ತೇನಿ." ಇಂದ್ರಾಬಾಯಿ ಕೇಳಿದ್ದರೆ ಯಾರು ಯಾರನ್ನು ಬಾರಿಸುತ್ತಿದ್ದರು ಎಂಬುದು ಬೇರೆ ಮಾತು.

ಹುಡುಗ ಗಾಡಿ ನಿಲ್ಲಿಸಿದ. "ತಪ್ಪಾಗ್ತೈತ್ರಿ ಸರ ಅದು. ಇನ್ನಮ್ಯಾಲ ಬಿಡ್ರಿ."

ಹಿಂದಿನಿಂದ ರೇವವ್ವ ಕೇಳಿದರು: "ಮಕ್ಕಳು ಅದಾರೇನ್ರಿ?"

"ಒಬ್ಬಾಕಿ ಮಗಳು."

"ಪಾಪ," ಎಂದರು ರೇವವ್ವ. ಐದನೆಯ ಗಂಟು ಬಿತ್ತು.

ನೂರಕ್ಕೆ ನೂರೈದು! ಮೂವತ್ತೆಂಟು ವರ್ಷದಲ್ಲಿ ಗುರಲಿಂಗಪ್ಪ ಮಾಸ್ತರರು ಯಾರಿಗೂ ತೊಂಬತ್ತು ದಾಟಿಸಿದವರಲ್ಲ. ದಂಡೆಗೆ ಬಂದು ಇಳಿದವರೇ ದುಂಡೇಶನಿಗೆ ಫೋನ್ ಹಚ್ಚಿದರು. ಅವನು ಬೇರೆ ಯಾರೊಡನೆಯೋ ಮಾತಿನಲ್ಲಿದ್ದ. ಕಾಯುತ್ತ ನಿಂತರು. ಆಚೆ ತೆಂಗಿನ ಮರದ ಬುಡದಲ್ಲಿ ರೇವವ್ವನೂ ಫೋನು ಕಿವಿಗೊತ್ತಿ, ಸೆರಗಿನ ಗಂಟು ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಯಾರಿಗೋ ಏನೋ ಒಪ್ಪಿಸುತ್ತಿದ್ದರು. ಅವರು ಫೋನು ಇಟ್ಟರು. ಮಾಸ್ತರರ ಫೋನು ಹತ್ತಿತು.

"ದುಂಡೇಶಾ, ಹುಡುಗ ಪಾಸು! ಮುಹೂರ್ತ ತಗಸು!"

"ಮುಹೂರ್ತ ಬ್ಯಾಡ್ರಿ ಮಾಸ್ತರ," ಎಂದ ದುಂಡೇಶ. "ಹುಡುಗನ ಅವ್ವ ಈಗಷ್ಟ ಒಲ್ಲೆ ಅಂದ್ರು. ಸೆರಗಿನಾಗ ಐದು ಗಂಟು ಅದಾವಂತ."