ಬಾಡಿಗೆ ಕಾರಿನ ಓಟ

ಬಾಡಿಗೆ ಕಾರನ್ನು ಅವನು ಗುಂಡಿ, ಹಂಪ್ ಯಾವುದನ್ನೂ ಲೆಕ್ಕಿಸದೆ ಓಡಿಸಿದ. ಸ್ವಂತದ್ದಾಗಿದ್ದರೆ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತಿತ್ತು. ಇದರ ಬಣ್ಣ ಕೆರೆದರೆ ಕೆರೆಯಲಿ, ತಳ ಬಡಿದರೆ ಬಡಿಯಲಿ. ಆ ಗಾಬರಿಯಲ್ಲೂ ಅದೊಂದು ಹಾಯೆನಿಸಿತು.

ಹಿಂದಿನ ಸೀಟಿನಲ್ಲಿ ಅಪ್ಪ ಎದೆ ಹಿಡಿದುಕೊಂಡು ಅಮ್ಮನ ತೊಡೆಗೆ ಒರಗಿದ್ದರು.

"ಸೀಟ್ ಮೇಲೆ ವಾಂತಿ ಆಗೋಯ್ತಲ್ಲೋ," ಅಂದರು.

"ಆಗ್ಲಿ ಬಿಡಪ್ಪಾ, ಬಾಡಿಗೆ ಗಾಡಿ. ಇನ್ನೇನು ಬಂದೇಬಿಡ್ತು."

ಅಪ್ಪ ಮತ್ತೆ ಮಾತಾಡಲಿಲ್ಲ.

ಆಸ್ಪತ್ರೆಯ ಗೇಟಿಗೆ ತಗುಲಿ ಬದಿಯ ಕನ್ನಡಿ ಮುರಿದು ಬಿತ್ತು. ಅವನು ತಿರುಗಿಯೂ ನೋಡದೆ ಬಾಗಿಲ ಬುಡಕ್ಕೇ ತಂದು ನಿಲ್ಲಿಸಿದ.

ಡಾಕ್ಟರು ನಾಡಿ ನೋಡಿ, ಅಪ್ಪನ ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

"ಸ್ವಲ್ಪ ಮುಂಚೆ ತರಬೇಕಿತ್ತು. ಇಷ್ಟೊತ್ತು ಏನ್ ಮಾಡ್ತಿದ್ರಿ?"

"ಬಾಡಿಗೆ ಕಾರು ಸಿಗೋದೇ ತಡ ಆಯ್ತು ಸಾರ್. ಸಿಕ್ಕಮೇಲೆ ಎಲ್ಲೂ ನಿಲ್ಲಿಸ್ಲಿಲ್ಲ."

"ಮನೇಲಿ ಕಾರಿಲ್ವಾ?"

ಅಮ್ಮನೇ ಹೇಳಿದಳು:

"ಇದೆ ಡಾಕ್ಟ್ರೇ. ನಿನ್ನೆ ತಾನೇ ತಂದಿದ್ದು. ಹೊಸ ಗಾಡೀನ ಮೊದಲ್ನೇ ಸಲಾನೇ ಆಸ್ಪತ್ರೆಗೆ ತೆಗೀಬಾರ್ದು ಅಂತ ಬಿಟ್ಟು ಬಂದ್ವಿ. ಪೂಜೆ ಇನ್ನೂ ಆಗಿಲ್ಲ."